ಕೋಡ್ ಬೇಗ ಬರುತ್ತಿದೆ, ಸೀನಿಯರ್‌ಗಳು ಯಾಕೆ ಬಿಟ್ಟು ಹೋಗುತ್ತಿದ್ದಾರೆ?

ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ 14 ಜನರ ತಂಡ ನೋಡಿಕೊಳ್ಳುತ್ತೇನೆ. ಒಂದು ವರ್ಷದಿಂದ ಎಲ್ಲರಿಗೂ ಎಐ ಕೋಡಿಂಗ್ ಟೂಲ್ ಕೊಟ್ಟಿದ್ದೇವೆ. ‘ಎಷ್ಟು ಪರ್ಸೆಂಟ್ ಕೋಡ್ ಎಐ ಬರೆದಿದ್ದು, ಎಷ್ಟು ಪಿಆರ್ (ಮುಖ್ಯ ಕೋಡಿಗೆ ಸೇರಿಸಿ ಎಂದು ಕಳಿಸುವ ಬದಲಾವಣೆ) ಆಯ್ತು’ ಎಂದು ಮೇಲಿನವರು ಪ್ರತಿ ತಿಂಗಳು ಕೇಳುತ್ತಾರೆ. ಎರಡೂ ಏರುತ್ತಲೇ ಇವೆ. ಆದರೆ ಆರು ತಿಂಗಳಲ್ಲಿ ಇಬ್ಬರು ಸೀನಿಯರ್‌ಗಳು ಪೇಪರ್ ಹಾಕಿದರು, ಉಳಿದವರ ಮುಖದಲ್ಲಿ ಕಳೆಯಿಲ್ಲ. ನಾನು ಏನನ್ನು ಅಳೆಯಬೇಕಿತ್ತು?

ಉತ್ತರ: ಆ ಎರಡು ನಂಬರ್ ಪಕ್ಕಕ್ಕಿಡಿ. ಕಳೆದ ವಾರದ ಅತಿ ದೊಡ್ಡ ಪಿಆರ್ ಒಂದನ್ನು ತೆರೆಯಿರಿ. ನನ್ನ ಊಹೆ ಹೀಗಿದೆ: ಎರಡು ವರ್ಷ ಅನುಭವದ ಹುಡುಗನೊಬ್ಬ ಮಧ್ಯಾಹ್ನ ಟಿಕೆಟ್ (ಮಾಡಬೇಕಾದ ಕೆಲಸದ ಚೀಟಿ) ತೆಗೆದುಕೊಂಡು ಸಂಜೆಯೊಳಗೆ ಕಳಿಸಿದ್ದಾನೆ. ಸಾವಿರದ ಚಿಲ್ಲರೆ ಸಾಲು, ಜೊತೆಗೆ ಟೆಸ್ಟ್‌ಗಳು, ಎಲ್ಲ ಹಸಿರು, ಅಂದರೆ ಪಾಸ್. ಎರಡು ದಿನ ರಿವ್ಯೂ ಆಗದೆ, ಅಂದರೆ ಯಾರೂ ಓದಿ ಪರಿಶೀಲಿಸದೆ ಬಿದ್ದಿದ್ದು, ಮೂರನೇ ದಿನ ರಾತ್ರಿ ಹನ್ನೊಂದಕ್ಕೆ ಸೀನಿಯರ್ ಒಬ್ಬರು ‘ಎಲ್‌ಜಿಟಿಎಂ’ (ನನಗೆ ಸರಿ ಕಾಣುತ್ತಿದೆ) ಎಂದು ಹಾಕಿ ಮಲಗಿದ್ದಾರೆ. ಪೇಮೆಂಟ್ ಫೇಲ್ ಆದರೆ ಮತ್ತೆ ಪ್ರಯತ್ನಿಸುವ ಫಂಕ್ಷನ್ ನಿಮ್ಮಲ್ಲಿ ಮೊದಲೇ ಇತ್ತು. ಟೂಲ್ ಅದನ್ನು ಕಾಣದೆ ಇನ್ನೊಂದು ಬರೆದಿದೆ. ಈಗ ಎರಡೂ ಓಡುತ್ತಿವೆ. ಗ್ರಾಹಕರ ಅಕೌಂಟಿನಿಂದ ಎರಡು ಸಲ ದುಡ್ಡು ಕಟ್ ಆದ ದಿನ ಅದು ಗೊತ್ತಾಗುತ್ತದೆ. ಆ ದಿನ ಆನ್‌ಕಾಲ್‌ನಲ್ಲಿರುವವರೂ (ಏನಾದರೂ ಕೆಟ್ಟರೆ ಎದ್ದು ಸರಿಪಡಿಸಬೇಕಾದವರು) ಬಹುಶಃ ಅದೇ ಸೀನಿಯರ್.

ಮದುವೆ ಮನೆಗೆ ತರಕಾರಿ ಹೆಚ್ಚುವ ಮೆಷಿನ್ ತಂದಿದ್ದೀರಿ, ಒಲೆ ಮಾತ್ರ ಮೊದಲಿನಷ್ಟೇ ಇವೆ. ಮೇಲಿನವರು ಹೆಚ್ಚಿದ ತರಕಾರಿಯ ರಾಶಿ ಎಣಿಸುತ್ತಿದ್ದಾರೆ.

ಸಾಲು ಎಣಿಸುವ ಚಟ ಹಳೆಯದು. 1982ರಲ್ಲಿ ಆಪಲ್ ಕಂಪನಿಯ ಲೀಸಾ ಕಂಪ್ಯೂಟರ್ ತಂಡದಲ್ಲಿ ವಾರಕ್ಕೆ ಎಷ್ಟು ಸಾಲು ಬರೆದಿರಿ ಎಂದು ಫಾರ್ಮ್ ತುಂಬಿಸುತ್ತಿದ್ದರು. ಆ ತಂಡದ ಪ್ರೋಗ್ರಾಮರ್ ಬಿಲ್ ಅಟ್ಕಿನ್ಸನ್ ಒಂದು ವಾರ ಹಳೆಯ ಕೋಡನ್ನು ಚಿಕ್ಕದಾಗಿ, ವೇಗವಾಗಿ ಓಡುವಂತೆ ಹೊಸದಾಗಿ ಬರೆದಿದ್ದರು. ಫಾರ್ಮಿನಲ್ಲಿ ‘–2000’ ಎಂದು ಬರೆದು ಕೊಟ್ಟರು. ಸ್ವಲ್ಪ ದಿನದಲ್ಲೇ ಅವರಿಂದ ಫಾರ್ಮ್ ಕೇಳುವುದು ನಿಂತಿತು.

ಹಾಗಂತ ‘ಟೂಲ್ ಬಂದ ಮೇಲೆ ಕೆಲಸ ಬೇಗ ಆಗುತ್ತಿದೆಯಾ’ ಎಂದು ತಂಡವನ್ನೇ ಕೇಳಿ ಸುಮ್ಮನಾಗುವ ಹಾಗೂ ಇಲ್ಲ. 2025ರಲ್ಲಿ ಎಐ ಸಾಮರ್ಥ್ಯ ಪರೀಕ್ಷಿಸುವ ಅಮೆರಿಕದ ಎಂಇಟಿಆರ್ ಸಂಸ್ಥೆ 16 ಅನುಭವಿ ಓಪನ್ ಸೋರ್ಸ್ (ಯಾರು ಬೇಕಾದರೂ ನೋಡಬಹುದಾದ ಕೋಡ್) ಡೆವಲಪರ್‌ಗಳಿಗೆ ಅವರವರ ಪ್ರಾಜೆಕ್ಟಿನದೇ 246 ಕೆಲಸ ಕೊಟ್ಟಿತು. ಕೆಲವಕ್ಕೆ ಎಐ ಬಳಸಬಹುದು, ಕೆಲವಕ್ಕೆ ಬಳಸುವಂತಿಲ್ಲ. ಶೇ 24ರಷ್ಟು ಸಮಯ ಉಳಿಯುತ್ತದೆ ಎಂದು ಡೆವಲಪರ್‌ಗಳು ಮೊದಲು ಅಂದಾಜಿಸಿದ್ದರು. ಮುಗಿದ ಮೇಲೂ ಶೇ 20 ಉಳಿಯಿತು ಎಂದೇ ನಂಬಿದ್ದರು. ಗಡಿಯಾರ ನೋಡಿದರೆ ಎಐ ಬಳಸಿದಾಗ ಶೇ 19ರಷ್ಟು ಹೆಚ್ಚೇ ಹಿಡಿದಿತ್ತು. ಆದರೆ 2022ರಲ್ಲಿ ಕೋಡ್ ಇಡುವ ತಾಣ ಗಿಟ್‌ಹಬ್ 95 ಜನರಿಗೆ ಚಿಕ್ಕದೊಂದು ವೆಬ್ ಸರ್ವರನ್ನು ಮೊದಲಿಂದ ಬರೆಯಲು ಕೊಟ್ಟಾಗ, ಅದರದೇ ಎಐ ಟೂಲ್ ಕೋಪೈಲಟ್ ಬಳಸಿದವರು ಶೇ 55ರಷ್ಟು ಬೇಗ ಮುಗಿಸಿದ್ದರು. ಖಾಲಿ ಸೈಟಿನಲ್ಲಿ ಮನೆ ಕಟ್ಟುವುದು ಬೇರೆ, ತಾತನ ಕಾಲದ ಮನೆಯಲ್ಲಿ ಗೋಡೆ ಒಡೆಯುವುದು ಬೇರೆ. ಟೂಲ್‌ಗಳೂ ತಿಂಗಳಿಗೊಂದು ಥರ ಬದಲಾಗುತ್ತಿವೆ, ಹಾಗಾಗಿ ಈ ಅಂಕಿಗಳನ್ನು ಹಾಗೇ ಎತ್ತಿ ಪಿಪಿಟಿಗೆ ಹಾಕಬೇಡಿ. ನಿಮ್ಮ ಗಡಿಯಾರ ನೀವೇ ನೋಡಬೇಕು.

ನಾನಾದರೆ ಎರಡು ಸಂಗತಿ ನೋಡುತ್ತೇನೆ. ಪಿಆರ್ ತೆರೆದ ಮೇಲೆ ಮೊದಲ ನಿಜವಾದ ಕಾಮೆಂಟ್ ಬರಲು ಎಷ್ಟು ಗಂಟೆ? ಮರ್ಜ್ ಆದದ್ದರಲ್ಲಿ (ಮುಖ್ಯ ಕೋಡಿಗೆ ಸೇರಿದ್ದರಲ್ಲಿ) ಎಷ್ಟಕ್ಕೆ ಎರಡು ವಾರದೊಳಗೆ ಮತ್ತೆ ಕೈ ಹಾಕಬೇಕಾಯಿತು? ಈ ಎರಡೂ ನಿಮ್ಮ ಗಿಟ್‌ನಲ್ಲೇ (ಕೋಡ್, ಪಿಆರ್ ಎಲ್ಲ ಇರುವ ಜಾಗ) ಸಿಗುತ್ತವೆ, ಹೊಸ ಟೂಲ್ ಕೊಳ್ಳಬೇಕಾಗಿಲ್ಲ. ಸಾಫ್ಟ್‌ವೇರ್ ತಂಡಗಳ ಕೆಲಸವನ್ನು ಅಧ್ಯಯನ ಮಾಡುವ ಗೂಗಲ್‌ನ ಡೋರಾ ತಂಡದ 2024ರ ವರದಿಯೂ, ಎಐ ಬಳಕೆ ಹೆಚ್ಚಿದ ಕಡೆ ಡೆಲಿವರಿ ಸ್ಥಿರತೆ (ಹೊರಗೆ ಬಿಟ್ಟ ಕೋಡ್ ಕೆಡದೆ ಉಳಿಯುವುದು) ಇಳಿಯುವುದನ್ನು ಗುರುತಿಸಿತ್ತು.

ಗಿಟ್‌ನಲ್ಲಿ ಸಿಗದೇ ಇರುವುದನ್ನು ಜನರನ್ನೇ ಕೇಳಬೇಕು. ನಿಕೋಲ್ ಫೋರ್ಸ್‌ಗ್ರೆನ್, ಮಾರ್ಗರೆಟ್-ಆನ್ ಸ್ಟೋರಿ ಮೊದಲಾದ ಸಂಶೋಧಕರು 2023ರಲ್ಲಿ ಡೆವಲಪರ್ ಅನುಭವವನ್ನು ಮೂರು ಎಳೆಯಾಗಿ ಬಿಡಿಸಿಟ್ಟರು: ಮಾಡಿದ್ದಕ್ಕೆ ಉತ್ತರ ಎಷ್ಟು ಬೇಗ ಬರುತ್ತದೆ, ತಲೆಯ ಮೇಲೆ ಎಷ್ಟು ಭಾರ, ಕೆಲಸದಲ್ಲಿ ಮುಳುಗಲು ಬಿಡುತ್ತಾರಾ. ಎಐ ಬಂದ ಮೇಲೆ ಎರಡನೆಯದೇ ಕೆಟ್ಟಿದೆ ಎನ್ನುವುದು ನನ್ನ ಅನುಭವ, ಯಾಕೆಂದರೆ ತಾನು ಬರೆಯದ ಕೋಡನ್ನು ಓದುವುದೇ ದಿನವಿಡೀ ಕೆಲಸ. ಮೂರು ತಿಂಗಳಿಗೊಮ್ಮೆ ನಾಲ್ಕೈದು ಪ್ರಶ್ನೆ ಸಾಕು. ಅದರಲ್ಲಿ ಇದೊಂದು ಇರಲಿ: ‘ನೀವು ಮರ್ಜ್ ಮಾಡಿದ್ದು ರಾತ್ರಿ ಎರಡಕ್ಕೆ ಕೆಟ್ಟರೆ, ಟೂಲ್ ತೆರೆಯದೆ ಎಲ್ಲಿ ಕೆಟ್ಟಿದೆ ಎಂದು ಹೇಳಬಲ್ಲಿರಾ?’ ಹೆಸರು ಕೇಳಬೇಡಿ. ಈ ಯಾವುದನ್ನೂ ಅಪ್ರೈಸಲ್‌ಗೆ ಎಳೆಯಬೇಡಿ. ಒಂದು ಸಲ ಎಳೆದರೆ ಮುಂದಿನ ಸಲ ಎಲ್ಲರೂ ‘ಎಲ್ಲ ಚೆನ್ನಾಗಿದೆ’ ಎಂದೇ ಬರೆಯುತ್ತಾರೆ.

ಸರಿಪಡಿಸುವುದು ರಿವ್ಯೂದಿಂದಲೇ ಶುರುವಾಗಲಿ. ಸ್ಪ್ರಿಂಟ್ (ಒಂದೆರಡು ವಾರದ ಕೆಲಸದ ಕಂತು) ಪ್ಲಾನಿಂಗ್‌ನಲ್ಲಿ ಅದಕ್ಕೂ ಗಂಟೆ ಹಾಕಿ. ಪಿಆರ್ ಚಿಕ್ಕದಿರಲಿ. ಮೇಲುಗಡೆ ನಾಲ್ಕು ಸಾಲು, ‘ಏನು ಮಾಡಿದೆ, ಏನನ್ನು ನಾನೇ ಓಡಿಸಿ ನೋಡಿದೆ’ ಎಂದು ಕಳಿಸಿದವರೇ ಬರೆಯಬೇಕು. ಅದನ್ನೂ ಎಐ ಕೈಲಿ ಬರೆಸಿದ್ದರೆ ಓದಿದ ಕೂಡಲೇ ಗೊತ್ತಾಗುತ್ತದೆ, ವಾಪಸ್ ಕಳಿಸಿ.

ಪ್ರಶ್ನೆ: ಹುಬ್ಬಳ್ಳಿಯವಳು, ಕೆಲಸಕ್ಕೆ ಸೇರಿ 11 ತಿಂಗಳಾಯಿತು. ಎಐ ಬಳಕೆ ಕಡಿಮೆ ಎಂದು ನನಗೆ ಮೆಸೇಜ್ ಬಂದಿದೆ. ಬಳಸಿದರೆ ಏನೂ ಕಲಿಯುತ್ತಿಲ್ಲ ಅನ್ನಿಸುತ್ತದೆ, ಸರ್.

ಉತ್ತರ: ಬಳಸಿ, ಆದರೆ ಕೇಳುವ ಮೊದಲು ನಿಮ್ಮ ಊಹೆಯನ್ನು ನೋಟ್‌ಬುಕ್‌ನಲ್ಲಿ ಒಂದು ಸಾಲು ಬರೆಯಿರಿ: ‘ಬಗ್ ಇಲ್ಲಿದೆ ಅನ್ನಿಸುತ್ತೆ, ಯಾಕೆಂದರೆ…’ ಆಮೇಲೆ ಟೂಲ್ ಹೇಳಿದ್ದನ್ನು ಪಕ್ಕದಲ್ಲಿಡಿ. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟಾಕ್ ಓವರ್‌ಫ್ಲೋನ 2025ರ ಸಮೀಕ್ಷೆಯಲ್ಲಿ ಶೇ 66 ಮಂದಿಗೆ ಕಿರಿಕಿರಿಯಾಗಿದ್ದು ಎಐ ಕೊಡುವ ‘ಹೆಚ್ಚೂಕಡಿಮೆ ಸರಿ, ಪೂರ್ತಿ ಅಲ್ಲ’ ಎನ್ನುವಂಥ ಉತ್ತರದಿಂದ. ಆ ‘ಹೆಚ್ಚೂಕಡಿಮೆ’ ಎಲ್ಲಿ ತಪ್ಪಿದೆ ಎಂದು ಹಿಡಿಯುವುದೇ ಈಗ ನೀವು ಕಲಿಯಬೇಕಾದ ಕೆಲಸ. ಮೆಸೇಜ್‌ಗೆ ಉತ್ತರ ಬರೆಯಲು ಹೋಗಬೇಡಿ. ಮುಂದಿನ ಒನ್-ಆನ್-ಒನ್‌ಗೆ ಆ ನೋಟ್‌ಬುಕ್ ತೆಗೆದುಕೊಂಡು ಹೋಗಿ, ಮ್ಯಾನೇಜರ್ ಮುಂದೆ ತೆರೆದಿಡಿ.