ಮ್ಯೂನಿಕ್‌ನಲ್ಲಿ ಮನೆ ಹುಡುಕುವಾಗ ಶನಿವಾರದ ರೈಲು ನೋಡಿ

ಗಾರ್ಚಿಂಗ್‌ನಲ್ಲಿ ಕೆಲಸ ಸಿಕ್ಕಿದೆ, ವಾರಾಂತ್ಯಕ್ಕೆ ಆಲ್ಪ್ಸ್ ಬೇಕು, ಹಾಗಾಗಿ ಲೆಂಗ್ರೀಸ್ ಥರದ ಬೆಟ್ಟದ ಬುಡದ ಊರಲ್ಲೇ ಮನೆ ಮಾಡಲಾ ಎಂದು ಕೇಳಿದ್ದೀರಿ. ಬೇಡ. ಗಾರ್ಚಿಂಗ್ ಇರುವುದು ಮ್ಯೂನಿಕ್‌ನ ಉತ್ತರಕ್ಕೆ, ಬೆಟ್ಟಗಳು ದಕ್ಷಿಣಕ್ಕೆ. ಲೆಂಗ್ರೀಸ್‌ನಿಂದ ಮ್ಯೂನಿಕ್‌ಗೇ ಒಂದು ಗಂಟೆಗಿಂತ ಜಾಸ್ತಿ ಬೇಕು. ಅಲ್ಲಿಂದ ಮತ್ತೆ ಮೆಟ್ರೋ. ಹೋಗುವುದಕ್ಕೇ ಹತ್ತಿರ ಹತ್ತಿರ ಎರಡು ಗಂಟೆ. ನವೆಂಬರ್‌ನಲ್ಲಿ ಕತ್ತಲಲ್ಲಿ ಹೊರಟು ಕತ್ತಲಲ್ಲೇ ಮನೆ ಸೇರುತ್ತೀರಿ. ಐದು ದಿನ ಹಾಗೆ ಓಡಾಡಿದವರು ಆರನೇ ದಿನ ಬೆಟ್ಟ ಹತ್ತುವುದಿಲ್ಲ, ಮಲಗುತ್ತಾರೆ.

ಹಾಗಂತ ಆಫೀಸಿನ ಪಕ್ಕದಲ್ಲೂ ಬೇಡ. ಗಾರ್ಚಿಂಗ್‌ನಲ್ಲಿದ್ದರೆ ಶನಿವಾರ ಬೆಳಿಗ್ಗೆ ಇಡೀ ಊರು ದಾಟಿದ ಮೇಲೆಯೇ ಬೆಟ್ಟದ ರೈಲು. ಅಷ್ಟೇ ಸಾಕು, ಹಾಸಿಗೆಯಲ್ಲೇ ಉಳಿದುಬಿಡಲು.

ನನ್ನನ್ನು ಕೇಳಿದರೆ ಝೆಂಡ್ಲಿಂಗ್ ಕಡೆ, ಹರಾಸ್ ಸ್ಟೇಷನ್ ಸುತ್ತ ಹುಡುಕಿ. ಗಾರ್ಚಿಂಗ್‌ಗೆ ಹೋಗುವ ಯು6 ಮೆಟ್ರೋ ಹರಾಸ್‌ನಲ್ಲಿ ನಿಲ್ಲುತ್ತದೆ, ಎಲ್ಲೂ ಬದಲಾಯಿಸಬೇಕಿಲ್ಲ. ಸರೋವರದ ಊರು ಟೇಗರ್ನ್‌ಸೇ, ಲೆಂಗ್ರೀಸ್, ಬೈರಿಷ್‌ಟ್ಸೆಲ್‌ಗೆ ಹೋಗುವ ಬಿಆರ್‌ಬಿ ಎಂಬ ಪ್ರಾದೇಶಿಕ ರೈಲೂ ಅಲ್ಲೇ ನಿಲ್ಲುತ್ತದೆ. ವಾರವಿಡೀ ಉತ್ತರಕ್ಕೆ, ಶನಿವಾರ ದಕ್ಷಿಣಕ್ಕೆ, ಎರಡಕ್ಕೂ ಒಂದೇ ಸ್ಟೇಷನ್. ಆದರೆ ಈ ರೈಲಿನಲ್ಲಿ ಒಂದು ಕಿತಾಪತಿ ಇದೆ. ಮೂರು ಊರಿನ ಬೋಗಿಗಳು ಒಟ್ಟಿಗೆ ಹೊರಟು, ಹೋಲ್ಟ್ಸ್‌ಕಿರ್ಶನ್‌ನಲ್ಲಿ ಒಮ್ಮೆ, ಶಾಫ್ಟ್‌ಲಾಖ್‌ನಲ್ಲಿ ಇನ್ನೊಮ್ಮೆ ಬೇರೆಯಾಗುತ್ತವೆ. ಬೋಗಿಯ ಮೇಲಿನ ಬೋರ್ಡ್ ನೋಡಿ ಹತ್ತಿ. ಇಲ್ಲದಿದ್ದರೆ ಸರೋವರಕ್ಕೆ ಹೊರಟವರು ಇನ್ನೊಂದು ಕಣಿವೆಯಲ್ಲಿ ಇಳಿಯುತ್ತೀರಿ.

ಗಾರ್ಮಿಶ್ ಕಡೆಯ ದೊಡ್ಡ ಬೆಟ್ಟಗಳೇ ಬೇಕು, 2962 ಮೀಟರ್‌ನ ತ್ಸುಗ್‌ಶ್ಪಿಟ್ಸೆಯನ್ನು ದಿನಾ ಕನಸಲ್ಲಿ ಕಾಣುತ್ತೀರಿ ಎಂದಾದರೆ ಊರಿನ ಪಶ್ಚಿಮದ ಪಾಸಿಂಗ್ ನೋಡಿ. ಆ ರೈಲುಗಳು ಅಲ್ಲಿ ನಿಲ್ಲುತ್ತವೆ. ಆಫೀಸಿಗೆ ಮಾತ್ರ ಎಸ್-ಬಾನ್ ಎಂಬ ಲೋಕಲ್ ರೈಲು ಹಿಡಿದು ನಡುವೆ ಯು6ಗೆ ಬದಲಾಯಿಸಬೇಕು. ಕೀಮ್‌ಸೇ, ಜಾಲ್ಟ್ಸ್‌ಬುರ್ಗ್, ಕುಫ್‌ಸ್ಟೈನ್ ದಿಕ್ಕಿಗೆ ಊರಿನ ಪೂರ್ವದ ಸ್ಟೇಷನ್ ಓಸ್ಟ್‌ಬಾನ್‌ಹೋಫ್ ಅನುಕೂಲ. ಬಾಡಿಗೆ ಎಲ್ಲಿ ಕಮ್ಮಿ ಅಂತ ಕೇಳಬೇಡಿ. ಮ್ಯೂನಿಕ್‌ನಲ್ಲಿ ಆ ಪ್ರಶ್ನೆಗೆ ಉತ್ತರವಿಲ್ಲ.

ಕಾರು ತೆಗೆದುಕೊಂಡರೆ ಎಲ್ಲಿದ್ದರೂ ನಡೆಯುತ್ತದೆ ಅಲ್ವಾ ಎಂದಿದ್ದೀರಿ. ಬಿಸಿಲಿನ ಶನಿವಾರ ಇಡೀ ಊರಿಗೇ ಅದೇ ಯೋಚನೆ ಬಂದಿರುತ್ತದೆ. ಜಾಲ್ಟ್ಸ್‌ಬುರ್ಗ್ ಕಡೆಯ ಎ8 ಹೆದ್ದಾರಿಯಲ್ಲಿ ಇರ್ಶನ್‌ಬೆರ್ಗ್ ಏರು ಟ್ರಾಫಿಕ್ ಜಾಮ್‌ಗೇ ಹೆಸರುವಾಸಿ. ಬೆಟ್ಟದ ಬುಡದ ಪಾರ್ಕಿಂಗ್ ಬೆಳಿಗ್ಗೆಯೇ ತುಂಬುತ್ತದೆ. ಮೊದಲ ವರ್ಷ ಡಾಯ್ಚ್‌ಲ್ಯಾಂಡ್ ಟಿಕೆಟ್, ಅಂದರೆ ಇಡೀ ಜರ್ಮನಿಯ ಲೋಕಲ್ ರೈಲು, ಬಸ್ಸುಗಳಿಗೆ ನಡೆಯುವ ತಿಂಗಳ ಪಾಸ್, ಇಟ್ಟುಕೊಳ್ಳಿ. 2023ರಲ್ಲಿ ತಿಂಗಳಿಗೆ 49 ಯೂರೋಗೆ ಶುರುವಾದದ್ದು 2026ರಿಂದ 63 ಆಗಿದೆ. ಆದರೂ ಲಾಭವೇ. ಆಫೀಸಿನ ಮೆಟ್ರೋಗೂ ಅದೇ, ಬೆಟ್ಟದ ರೈಲಿಗೂ ಅದೇ. ಗಡಿ ದಾಟಿ ಆಸ್ಟ್ರಿಯಾದ ಜಾಲ್ಟ್ಸ್‌ಬುರ್ಗ್, ಕುಫ್‌ಸ್ಟೈನ್ ಸ್ಟೇಷನ್‌ವರೆಗೂ ನಡೆಯುತ್ತದೆ. ಐಸಿಇಯಂಥ ವೇಗದ ರೈಲುಗಳಿಗೆ ಮಾತ್ರ ಆಗುವುದಿಲ್ಲ.

ಕುಮಾರ ಪರ್ವತ ಹತ್ತಿದ್ದೇನೆ, ಇಲ್ಲಿನವು ಕಷ್ಟವಾಗಲಾರವು ಎಂದು ಬರೆದಿದ್ದೀರಿ. ಟೇಗರ್ನ್‌ಸೇ ಪಕ್ಕದ ವಾಲ್‌ಬೆರ್ಗ್ 1722 ಮೀಟರ್, ಎತ್ತರದಲ್ಲಿ ಹೆಚ್ಚುಕಮ್ಮಿ ಅಷ್ಟೇ. ವ್ಯತ್ಯಾಸ ಇರುವುದು ಹಿಮದಲ್ಲಿ. ಮೇ ತಿಂಗಳಲ್ಲಿ ಊರಲ್ಲಿ ಟೀ-ಶರ್ಟ್ ಹಾಕಿ ಓಡಾಡುತ್ತಿರುತ್ತೀರಿ, ಅದೇ ದಿನ ಬೆಟ್ಟದ ಉತ್ತರ ಮಗ್ಗುಲಲ್ಲಿ ದಾರಿ ಹಿಮದಡಿ ಇರಬಹುದು. ದಾರಿಗಳಿಗೆ ನೀಲಿ, ಕೆಂಪು, ಕಪ್ಪು ಎಂದು ಗುರುತು ಹಾಕಿರುತ್ತಾರೆ, ನೀಲಿ ಸುಲಭ. ಮೊದಲ ಬೇಸಿಗೆ ನೀಲಿಯಲ್ಲೇ ಇರಿ. ಜರ್ಮನ್ ಆಲ್ಪೈನ್ ಕ್ಲಬ್ಬಿಗೆ, ಅಂದರೆ ಡಿಎವಿಗೆ, ಸದಸ್ಯರಾಗಿಬಿಡಿ. 1869ರಲ್ಲಿ ಇದೇ ಮ್ಯೂನಿಕ್‌ನಲ್ಲಿ ಶುರುವಾದದ್ದು. ಬೆಟ್ಟದ ಮೇಲಿನ ಅವರ ಗುಡಿಸಲುಗಳಲ್ಲಿ ಸದಸ್ಯರಿಗೆ ಹಾಸಿಗೆ ಕಮ್ಮಿ ದರಕ್ಕೆ ಸಿಗುತ್ತದೆ. ಗುಡಿಸಲು ಎಂದರೂ ಎಷ್ಟೋ ಕಡೆ ಒಳ್ಳೆಯ ಲಾಡ್ಜ್‌ನಂತಿರುತ್ತವೆ. ಒಬ್ಬರೇ ಬಂದವರಿಗೆ ಜೊತೆಗಾರರು ಸಿಗುವುದೂ ಅಲ್ಲೇ.

ಇನ್ನು ಮನೆ ವಿಷಯ. ಜಾಹೀರಾತಿನಲ್ಲಿ ಕಾಲ್ಟ್‌ಮೀಟೆ ಅಂತಿದ್ದರೆ ಅದು ಬರೀ ಬಾಡಿಗೆ. ಹೀಟಿಂಗ್, ನೀರು, ಕಸದ ಖರ್ಚು ಸೇರಿದ್ದು ವಾರ್ಮ್‌ಮೀಟೆ, ಲೆಕ್ಕ ಹಾಕಬೇಕಾದದ್ದು ಅದನ್ನು. ಅಡ್ವಾನ್ಸ್ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಹೆಚ್ಚು ಕೇಳುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡಬಹುದು ಎಂದು ಕಾನೂನೇ ಹೇಳುತ್ತದೆ. ಅಡುಗೆಮನೆ ಇದೆಯಾ ಅಂತ ತಪ್ಪದೆ ಕೇಳಿ. ಬರೀ ಗೋಡೆ, ನಲ್ಲಿಯ ಪೈಪು ಇಷ್ಟೇ ಇರುವ ಮನೆಗಳೂ ಇವೆ. ಒಲೆ, ಸಿಂಕ್ ಎಲ್ಲ ನೀವೇ ತರಬೇಕು.

ಮಕ್ಕಳಿದ್ದರೆ ತಿಳಿಸಿ. ಆಗ ಕಿಂಡರ್‌ಗಾರ್ಟನ್ ಸೀಟು ಎಲ್ಲಿ ಸಿಗುತ್ತದೋ ಅಲ್ಲೇ ಮನೆ, ಹರಾಸ್ ಮಾತು ಆಮೇಲೆ.