ಬಿಳಿ ಮುಖದ ಗಡಿಯಾರ 1700ರದ್ದಾಗಲು ಸಾಧ್ಯವಾ?

ಇಂಗ್ಲೆಂಡಿನ ಲೀಡ್ಸ್‌ನ ಅಂಗಡಿಯಲ್ಲಿ ನೋಡಿದ ಓಕ್ ಮರದ ಗ್ರ್ಯಾಂಡ್‌ಫಾದರ್ ಗಡಿಯಾರ (ನೆಲದ ಮೇಲೆ ನಿಲ್ಲುವ, ಎತ್ತರದ ಮರದ ಪೆಟ್ಟಿಗೆಯ ಗಡಿಯಾರ) 1700ರದ್ದು ಅಂತಾರೆ, ಮುಖ ಮಾತ್ರ ಬಿಳಿ ಬಣ್ಣ ಬಳಿದದ್ದು, ನಂಬಬಹುದಾ ಅಂತ ಕೇಳಿದ್ದೀರಿ. ಆ ಮಾತನ್ನು ನಂಬಬೇಡಿ. ಇಂಗ್ಲೆಂಡಿನಲ್ಲಿ ಬಿಳಿ ಬಣ್ಣದ ಮುಖಗಳು ಬಂದದ್ದೇ 1770ರ ಸುಮಾರಿಗೆ, ಅದಕ್ಕೂ ಮೊದಲು ಹಿತ್ತಾಳೆಯವು ಇರುತ್ತಿದ್ದವು.

ಆದರೆ ಪೆಟ್ಟಿಗೆ ಹಳೆಯದಾಗಿದ್ದು, ಯಾರೋ ಬೇರೆ ಯಂತ್ರ ಕೂರಿಸಿರಬಹುದು, ಇದು ತುಂಬಾ ಜಾಸ್ತಿ ನಡೆದಿದೆ. ಗಡಿಯಾರದ ತಲೆಭಾಗ (ಮುಖ, ಯಂತ್ರವನ್ನು ಮುಚ್ಚುವ ಮೇಲಿನ ಮರದ ಭಾಗ) ಕೂರುವ ಜಾಗದ ಕೆಳಗೆ ಸುತ್ತಲೂ ಒಂದು ಮರದ ಪಟ್ಟಿ ಇರುತ್ತದಲ್ಲ, ಅದರ ಮೇಲೆ ಬೆರಳಾಡಿಸಿ: ಹೊರಕ್ಕೆ ಉಬ್ಬಿದ್ದರೆ ಸಾಮಾನ್ಯವಾಗಿ 1700ಕ್ಕಿಂತ ಹಿಂದಿನದು, ಒಳಕ್ಕೆ ಬಾಗಿದ್ದರೆ ಆಮೇಲಿನದು. ಮಹಾಗನಿ ಮರ ಬಳಕೆಗೆ ಬಂದದ್ದು ಇನ್ನೂ ತಡವಾಗಿ, 1750ರ ಆಸುಪಾಸು. ಹಳ್ಳಿ ಕಡೆ ಓಕ್ ಮಾತ್ರ ಕೊನೆವರೆಗೂ ಇತ್ತು, ಹಾಗಾಗಿ ಬರೀ ಮರ ನೋಡಿ ಕಾಲ ಹೇಳೋಕಾಗಲ್ಲ.

ಅಂಗಡಿಯವರ ಹತ್ತಿರ ತಲೆಭಾಗವನ್ನು ಮುಂದಕ್ಕೆ ಎಳೆದು ತೆಗೆಸಿ, ಟಾರ್ಚ್ ಹಿಡಿದು ನೋಡಿ. ಯಂತ್ರ ಕೂತಿರುವ ಹಲಗೆಯ ಕೆಳಗೆ ಹೊಸ ಮರದ ತುಂಡು ಇಟ್ಟು ಎತ್ತರ ಮಾಡಿದ್ದಾರಾ? ಪಕ್ಕದ ಮರವನ್ನು ಗರಗಸದಿಂದ ಕೊಯ್ದ ಗುರುತು ತಾಜಾ ಬಿಳಿಯಾಗಿ ಕಾಣುತ್ತಾ? ಬಳಸದ ಸ್ಕ್ರೂ ತೂತುಗಳಿವೆಯಾ? ಇದ್ದರೆ ಅದು ಒಂದರ ಪೆಟ್ಟಿಗೆಗೆ ಇನ್ನೊಂದರ ಯಂತ್ರ ಜೋಡಿಸಿದ ಗಡಿಯಾರ ಅನ್ನೋ ಅನುಮಾನ ಬಲವಾಗುತ್ತೆ. ಸುಮ್ನೆ ಮನೆಯಲ್ಲಿಡೋಕಾದರೆ ತಗೊಳ್ಳಿ, ಚೆನ್ನಾಗೇ ಇರುತ್ತೆ, 1700ರ ಬೆಲೆ ಮಾತ್ರ ಕೊಡಬೇಡಿ. ಒಳಗಿನ ಫೋಟೋ ಸಿಕ್ಕರೆ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.