ಸ್ಟ್ಯಾಂಡರ್ಡ್ ಕೋಡ್‌ಗೆ ಬೇರೆ ದರ ಏಕೆ?

ಪ್ರಶ್ನೆ: ನಮ್ಮದು ಸೀರೆ ಅಂಗಡಿ. ಹೊಸ ವೆಬ್‌ಸೈಟ್‌ಗೆ ಡೆವಲಪರ್ ಎರಡು ಕೊಟೇಶನ್ ಕೊಟ್ಟಿದ್ದಾರೆ. ಸ್ಟ್ಯಾಂಡರ್ಡ್ (ವೆಬ್ ಪುಟ ಬರೆಯುವ ಒಪ್ಪಿತ ನಿಯಮ) ಪ್ರಕಾರ ಕೋಡ್ ಬರೆದರೆ ದರ ಜಾಸ್ತಿ. ನೋಡಲು ಎರಡೂ ಒಂದೇ ಥರ ಇರುತ್ತವಂತೆ. ಹೆಚ್ಚು ಕೊಡಬೇಕೆ?

ಉತ್ತರ: ಕೊಡಬೇಡಿ. ಸ್ಟ್ಯಾಂಡರ್ಡ್ ಬಿಟ್ಟ ಅಗ್ಗದ ಕೋಡ್‌ಗೂ ಒಪ್ಪಬೇಡಿ. ಈ ಪ್ರಶ್ನೆ ಪದೇ ಪದೇ ಬರುತ್ತಿದೆ, ಬರುವಂತೆ ಮಾಡುತ್ತಿರುವವರು ಇಂಥ ಕೊಟೇಶನ್ ಬರೆಯುವವರೇ. ಹೊಸದಾಗಿ ಬರೆಯುವಾಗ ಸರಿಯಾದ ಎಚ್‌ಟಿಎಂಎಲ್‌ಗೆ (ಪುಟ ಬರೆಯುವ ಕೋಡ್) ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಬಟನ್ ಟ್ಯಾಗ್ ಹಾಕಿದರೆ ಟ್ಯಾಬ್, ಎಂಟರ್ ಕೀಲಿಗಳು ತಾವಾಗಿಯೇ ಕೆಲಸ ಮಾಡುತ್ತವೆ. ಅದರ ಬದಲು ಡಿವ್ ಎಂಬ ಬರಿಯ ಚೌಕಕ್ಕೆ ಆನ್‌ಕ್ಲಿಕ್ (ಒತ್ತಿದಾಗ ನಡೆಯುವ ಕೋಡ್) ಸಿಕ್ಕಿಸಿದರೆ ಅಷ್ಟನ್ನೂ ಕೈಯಾರೆ ಬರೆಯಬೇಕು, ಬಹುತೇಕರು ಬರೆಯುವುದೇ ಇಲ್ಲ.

ನಿಜವಾಗಿ ಹೆಚ್ಚು ಕೆಲಸ ಇರುವುದು ಹಳೆಯ ಸೈಟ್ ರಿಪೇರಿಯಲ್ಲಿ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ವಿವರಗಳನ್ನು ಯೂನಿಕೋಡ್‌ಗೆ ತಂದು, ಒತ್ತಕ್ಷರ, ಅರ್ಕಾವತ್ತು ಕೆಟ್ಟಿದೆಯೇ ಎಂದು ಕೂತು ಓದಬೇಕು. ಅದಕ್ಕೆ ಕೂಲಿ ಕೇಳಿದರೆ ನ್ಯಾಯ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸ್ಕ್ರೀನ್ ರೀಡರ್‌ನಲ್ಲಿ ಪರೀಕ್ಷಿಸುವುದಕ್ಕೂ ಅಷ್ಟೇ. ಕೊಟೇಶನ್‌ನಲ್ಲಿ ಇವನ್ನು ಬೇರೆ ಬೇರೆ ಬಾಬ್ತಾಗಿ ತೋರಿಸಲು ಹೇಳಿ.

‘ನೋಡಲು ಒಂದೇ’ ಎಂಬುದು ಗಿರಾಕಿ ಆರ್ಡರ್ ಮಾಡುವ ತನಕ ಮಾತ್ರ. ಮನೆ ವಿಳಾಸ, ಬಿಲ್ ವಿಳಾಸ ಎರಡರ ಪಿನ್‌ಕೋಡ್ ಖಾನೆಗೂ ಒಂದೇ ಐಡಿ (ಕೋಡ್‌ನಲ್ಲಿ ಖಾನೆಯನ್ನು ಗುರುತಿಸುವ ಹೆಸರು) ಕೊಟ್ಟಿದ್ದರೆ, ಎರಡನೆಯ ಲೇಬಲ್ (ಖಾನೆಯ ಪಕ್ಕದ ಬರಹ) ಮುಟ್ಟಿದಾಗ ಕರ್ಸರ್ ಮೊದಲ ಖಾನೆಗೆ ಹಾರುತ್ತದೆ, ಸೀರೆ ತಪ್ಪು ಊರಿಗೆ ಹೋಗಬಹುದು. ಚಿತ್ರಕ್ಕೆ ಅಗಲ, ಎತ್ತರ ಬರೆಯದಿದ್ದರೆ ಫೋಟೋ ಲೋಡ್ ಆಗುತ್ತಿದ್ದಂತೆ ಪುಟ ಕೆಳಗೆ ಜಾರಿ, ಬೆರಳು ಬೇರೆ ಬಟನ್ ಮೇಲೆ ಬೀಳುತ್ತದೆ. ಕೋಡ್‌ನ ಮೊದಲ ಸಾಲಾದ ಡಾಕ್‌ಟೈಪ್ ಬಿಟ್ಟರೆ ಬ್ರೌಸರ್ ಹಳೇ ಕಾಲದ ಕ್ವರ್ಕ್ಸ್ ಮೋಡ್‌ಗೆ ಇಳಿದು ಅಳತೆಗಳು ಏರುಪೇರಾಗುತ್ತವೆ. ಪುಟದ ಭಾಷೆ ಕನ್ನಡ ಎಂದು ನಮೂದಿಸದಿದ್ದರೆ ಸ್ಕ್ರೀನ್ ರೀಡರ್ ಇಂಗ್ಲಿಷ್ ಧ್ವನಿಯಲ್ಲೇ ಓದಲು ಹೊರಡಬಹುದು. ಚಿತ್ರದ ಬದಲು ಸ್ಕ್ರೀನ್ ರೀಡರ್ ಓದುವ ಆಲ್ಟ್ ಪಠ್ಯದಲ್ಲಿ ‘ಹಸಿರು ಒಡಲು, ಮೆರೂನ್ ಸೆರಗು, ಜರಿ ಅಂಚು’ ಎಂದಿರಲಿ. ‘ಇಮೇಜ್ 1’ ಎಂದರೆ ಕಣ್ಣು ಕಾಣದ ಗಿರಾಕಿಗೆ ಏನು ತಿಳಿಯಿತು?

ಕೊನೆಯ ಕಂತು ಕೊಡುವ ಮುನ್ನ ಮುಖಪುಟ, ಒಂದು ಸೀರೆಯ ಪುಟ, ಹಣ ಪಾವತಿ ಪುಟ ಮೂರನ್ನೂ ವೆಬ್ ಸ್ಟ್ಯಾಂಡರ್ಡ್ ರೂಪಿಸುವ ಸಂಸ್ಥೆ ಡಬ್ಲ್ಯು3ಸಿಯ ಉಚಿತ ವ್ಯಾಲಿಡೇಟರ್‌ಗೆ (ಕೋಡ್‌ನ ತಪ್ಪು ತೋರಿಸುವ ಸಾಧನ) ಹಾಕಿ. ಮುಚ್ಚದ ಟ್ಯಾಗ್, ಎರಡು ಬಾರಿ ಬಂದ ಐಡಿ, ಲೇಬಲ್ ತಪ್ಪುಗಳನ್ನು ತಿದ್ದಿಸಿ. ಬರಿಯ ಸೂಚನೆಗಳನ್ನು ಬಿಡಿ, ಸೊನ್ನೆ ಬರಲೇಬೇಕೆಂದು ಹಟ ಬೇಡ. ಆಮೇಲೆ ಮೌಸ್ ಬದಿಗಿಟ್ಟು ಕೀಬೋರ್ಡ್‌ನಿಂದಲೇ ಒಂದು ಸೀರೆ ಕೊಳ್ಳಿ. ಪುಟವನ್ನು 200% ದೊಡ್ಡದು ಮಾಡಿ, ಅಕ್ಷರ ಕತ್ತರಿಸಿಹೋಗಬಾರದು. ಸಣ್ಣ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ (ಹೊಳಪಿನ ಅಂತರ) ಕನಿಷ್ಠ 4.5:1 ಇರಬೇಕು. ಇದರಲ್ಲಿ ಸೋತರೆ ಹಣ ತಡೆಹಿಡಿಯಿರಿ.

ಪ್ರಶ್ನೆ: ವ್ಯಾಲಿಡೇಟರ್‌ನಲ್ಲಿ ತಪ್ಪೇ ಇಲ್ಲದಿದ್ದರೆ ಗೂಗಲ್‌ನಲ್ಲಿ ಮೊದಲು ಬರುತ್ತೇವೆಯೆ?
ಉತ್ತರ: ಇಲ್ಲ.

ಪ್ರಶ್ನೆ: ಡಬ್ಲ್ಯು3ಸಿ ಸರ್ಟಿಫಿಕೇಟ್ ಕೊಡಿಸುತ್ತೇವೆಂದು ಒಬ್ಬರು ಹಣ ಕೇಳುತ್ತಿದ್ದಾರೆ.
ಉತ್ತರ: ಡಬ್ಲ್ಯು3ಸಿ ಯಾವ ಅಂಗಡಿಯ ಸೈಟಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. ಇದು ಮೋಸ.

ಪ್ರಶ್ನೆ: ಒಂದು ಸಾಲು ಜಾವಾಸ್ಕ್ರಿಪ್ಟ್ ಸೇರಿಸಿದರೆ ಸೈಟ್ ಎಲ್ಲರಿಗೂ ಬಳಸಲು ಬರುತ್ತದೆಂಬ ಪ್ಲಗಿನ್ ಕೊಳ್ಳಲೆ?
ಉತ್ತರ: ಬೇಡ. ಎರಡು ಬಾರಿ ಬಂದ ಐಡಿಯಲ್ಲಿ ಯಾವುದು ಮನೆ ವಿಳಾಸದ್ದು ಎಂದು ಆ ಒಂದು ಸಾಲಿಗೆ ಗೊತ್ತಿರುವುದಿಲ್ಲ. ಆ ಹಣದಲ್ಲಿ ಫಾರ್ಮ್ ಸರಿಮಾಡಿಸಿ.